ಬೀಗದ ಕೈ ಆ ಜನರ ಹತ್ತಿರವೇ ಇರಲಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಪ್ರವಾಸ ಪುಟದಲ್ಲಿ ಮೂಲನಿವಾಸಿಗಳ ಊರುಗಳಿಗೆ ಹೋಗಿಬರುವ ಪ್ರವಾಸಗಳ ಬಗ್ಗೆ ಬಂದ ಬರಹ ಓದಿದೆ. ಏನು ನೋಡಬೇಕು, ಎಲ್ಲಿ ಉಳಿಯಬೇಕು, ಯಾವ ವೆಬ್‌ಸೈಟಿನಲ್ಲಿ ಬುಕ್ ಮಾಡಬೇಕು, ಎಲ್ಲ ಇತ್ತು. ಆ ವೆಬ್‌ಸೈಟ್ ಯಾರದ್ದು ಅನ್ನೋದು ಮಾತ್ರ ಇರಲಿಲ್ಲ. ನಾನು ವೆಬ್‌ಸೈಟ್ ಡಿಸೈನ್ ಮಾಡಿ ಬದುಕುವವನು, ಹಾಗಾಗಿ ನನ್ನ ಕಣ್ಣು ಮೊದಲು ಹುಡುಕಿದ್ದು ಅದನ್ನೇ. ಪತ್ರ ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಪ್ರವಾಸ ಕಂಪನಿಗೆ ಇಂಥದ್ದೇ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಮುಖಪುಟಕ್ಕೆ ಒಬ್ಬ ಅಜ್ಜಿಯ ಫೋಟೋ ಹಾಕಿದೆ. ಫೋಟೋ ಮಾರುವ ತಾಣದಿಂದ ದುಡ್ಡು ಕೊಟ್ಟು ತಗೊಂಡಿದ್ದು, ಲೈಸೆನ್ಸ್ ಎಲ್ಲ ಸರಿಯಾಗೇ ಇತ್ತು. ಮುಖದ ತುಂಬ ಸುಕ್ಕು, ಕತ್ತಿನ ತುಂಬ ಮಣಿಸರ, ನೇರವಾಗಿ ನಮ್ಮನ್ನೇ ನೋಡುವ ಕಣ್ಣು. ಎಲ್ಲರೂ ಹೊಗಳಿದರು. ಎಂಟು ತಿಂಗಳಾದ ಮೇಲೆ ಒಬ್ಬ ಹುಡುಗನಿಂದ ಈಮೇಲ್ ಬಂತು. ಆಕೆ ಅವನ ಅಜ್ಜಿಯಂತೆ. ತೀರಿಕೊಂಡು ಎರಡು ವರ್ಷ ಆಗಿದೆ, ಸತ್ತವರ ಮುಖವನ್ನು ಹೀಗೆ ತೋರಿಸುವುದು ತಮ್ಮಲ್ಲಿ ಇಲ್ಲ, ತಾಯಿ ನೋಡಿ ತುಂಬ ನೊಂದುಕೊಂಡಿದ್ದಾರೆ, ದಯವಿಟ್ಟು ತೆಗೆಯಿರಿ ಅಂತ ಬರೆದಿದ್ದ.

ಆ ಕ್ಷಣವೇ ತೆಗೆಯೋಣ ಅಂದುಕೊಂಡೆ. ಆಗಲಿಲ್ಲ. ಕೆಲಸ ಮುಗಿದ ಮೇಲೆ ಪಾಸ್‌ವರ್ಡ್ ಬದಲಾಗಿತ್ತು, ಹೊಸದು ಕಂಪನಿಯವರ ಹತ್ತಿರ ಇತ್ತು. ದುಡ್ಡು ಕೊಟ್ಟು ತಗೊಂಡ ಫೋಟೋ ಅಲ್ವಾ, ಯಾಕೆ ತೆಗೀಬೇಕು ಅಂತ ಅವರು ಕೇಳಿದರು. ಬೇಡಿಕೊಂಡು, ಜಗಳ ಆಡಿ, ಕೊನೆಗೆ ತೆಗೆಸುವಷ್ಟರಲ್ಲಿ 11 ದಿನ ಆಗಿತ್ತು. ಅಷ್ಟು ದಿನವೂ ಆ ತಾಯಿಗೆ ತನ್ನ ಅಮ್ಮನ ಮುಖ ಒಂದು ಟಿಕೆಟ್ ಮಾರುವ ಪುಟದಲ್ಲಿ ಕಾಣುತ್ತಾ ಇತ್ತು.

ನಾವು ಡಿಸೈನರ್‌ಗಳು ಗೌರವ ಅಂದರೆ ಬಣ್ಣ, ಅಕ್ಷರ, ಚಿತ್ರ ಇವನ್ನು ಹುಷಾರಾಗಿ ಆರಿಸುವುದು ಅಂದುಕೊಂಡಿದ್ದೇವೆ. ಅದೂ ಬೇಕು. ಆದರೆ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದೆ. ಈ ಪುಟದಲ್ಲಿ ಏನಿರಬೇಕು, ಏನಿರಬಾರದು ಅಂತ ತೀರ್ಮಾನ ಮಾಡುವವರು ಯಾರು? ನಾಳೆ ಬೆಳಿಗ್ಗೆ ಬೇಡ ಅನ್ನಿಸಿದರೆ ಯಾರನ್ನೂ ಕೇಳದೆ ತೆಗೆದುಹಾಕಲು ಬೀಗದ ಕೈ ಯಾರ ಹತ್ತಿರ ಇದೆ?

ಬ್ರ್ಯಾಂಡ್ ಮಾಡಿಕೊಡಿ ಅಂತ ಬಂದವರು ಮೊದಲು ಕೇಳೋದು ಲೋಗೋ. ಚುಕ್ಕಿ, ಗರಿ, ಅಂಕುಡೊಂಕು ಗೆರೆ, ಸ್ವಲ್ಪ ಕೆಮ್ಮಣ್ಣಿನ ಬಣ್ಣ. ಇಂಟರ್ನೆಟ್‌ನಲ್ಲಿ ಹುಡುಕಿದರೆ ಬೇಕಾದಷ್ಟು ಸಿಗುತ್ತವೆ. ಈಗಂತೂ ಎಐಗೆ ಹೇಳಿದರೆ ಸಾಕು, ಒಂದು ಖಂಡದ ಗರಿಗೆ ಇನ್ನೊಂದು ಖಂಡದ ಹಚ್ಚೆ ಸೇರಿಸಿ ಅರೆ ನಿಮಿಷದಲ್ಲಿ ಕೊಡುತ್ತದೆ. ಆ ಗೆರೆಗಳಿಗೆ ವಾರಸುದಾರರು ಇರಬಹುದು ಅನ್ನೋದು ಯಾರಿಗೂ ಹೊಳೆಯುವುದಿಲ್ಲ. ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿ ಜನರ ತಾ ಮೊಕೊ ಹಚ್ಚೆಯಲ್ಲಿ ಆ ಮನುಷ್ಯನ ವಂಶವೇ ಬರೆದಿರುತ್ತದೆ. ಅದನ್ನು ಅಂಚಿನ ಅಲಂಕಾರಕ್ಕೆ ಹಾಕಿದರೆ ಯಾರದ್ದೋ ಮನೆತನದ ಹೆಸರನ್ನು ತಂದು ಪರದೆಗೆ ಹೊಲಿದ ಹಾಗೆ.

ಇದಕ್ಕೆ ನನಗೆ ಯಾವಾಗಲೂ ನೆನಪಾಗೋದು ಒಂದು ನೋಟಿನ ಕಥೆ. 1966ರಲ್ಲಿ ಆಸ್ಟ್ರೇಲಿಯಾ ಪೌಂಡ್ ಬಿಟ್ಟು ಡಾಲರಿಗೆ ಬಂತು. ಹೊಸ ಒಂದು ಡಾಲರ್ ನೋಟಿನ ಮೇಲೆ ಮೂಲನಿವಾಸಿಗಳ ಕಲೆ ಇರಲಿ ಅಂತ, ಮರದ ತೊಗಟೆಯ ಮೇಲೆ ಬಿಡಿಸಿದ್ದ ಒಂದು ಚಿತ್ರವನ್ನು ಬಳಸಿಕೊಂಡರು. ಬಿಡಿಸಿದವರು ಉತ್ತರ ಆಸ್ಟ್ರೇಲಿಯಾದ ಆರ್ನೆಮ್ ಲ್ಯಾಂಡಿನ ಮೂಲನಿವಾಸಿ ಕಲಾವಿದ ಡೇವಿಡ್ ಮಲಂಗಿ. ಆಗ ಅವರು ಬದುಕಿದ್ದರು, ಚಿತ್ರ ಬಿಡಿಸುತ್ತಲೇ ಇದ್ದರು. ಅವರನ್ನು ಯಾರೂ ಕೇಳಲಿಲ್ಲ. ವಿಷಯ ಹೊರಗೆ ಬಿದ್ದ ಮೇಲೆ ಅಲ್ಲಿನ ರಿಸರ್ವ್ ಬ್ಯಾಂಕಿನ ಗವರ್ನರ್ ಮಲಂಗಿಯವರಿಗೆ 1000 ಡಾಲರ್, ಒಂದು ಪದಕ, ಮೀನು ಹಿಡಿಯುವ ಸಾಮಾನಿನ ಪೆಟ್ಟಿಗೆ ಕೊಟ್ಟರು. ಆ ಚಿತ್ರದಲ್ಲಿ ಇದ್ದದ್ದು ಏನು ಗೊತ್ತಾ? ಅವರ ಕುಲದ ಮೂಲಪುರುಷನಾದ ಬೇಟೆಗಾರನ ಸಾವು, ಅವನಿಗೆ ಮಾಡುವ ಉತ್ತರಕ್ರಿಯೆ. ಒಂದು ಮನೆತನದ ಸಾವಿನ ಚಿತ್ರ ದೇಶದವರೆಲ್ಲರ ಜೇಬಿನಲ್ಲಿ ಓಡಾಡಿತು. ನೋಟಿನ ಡಿಸೈನ್ ಚೆನ್ನಾಗಿಯೇ ಇತ್ತು, ಅದನ್ನು ಆರಿಸಿದವರಿಗೆ ಆ ಕಲೆಯ ಮೇಲೆ ಮೆಚ್ಚುಗೆಯೂ ಇತ್ತು. ಮೆಚ್ಚುಗೆ ಇದ್ದರೆ ಕೇಳುವುದು ಬೇಡವಾ?

ಕೇಳುವುದು ಅಂದರೂ ಯಾರನ್ನು ಅನ್ನೋದು ಮುಖ್ಯ. ಒಬ್ಬ ಕಲಾವಿದರನ್ನು ಹಿಡಿದು, ಸಹಿ ಹಾಕಿಸಿಕೊಂಡು, ಒಪ್ಪಿಗೆ ಆಯಿತು ಅನ್ನುವವರು ಜಾಸ್ತಿ. 1998ರಲ್ಲಿ ಆಸ್ಟ್ರೇಲಿಯಾದ ಫೆಡರಲ್ ಕೋರ್ಟಿನ ಮುಂದೆ ಗನಲ್ಬಿಂಗು ಅನ್ನೋ ಮೂಲನಿವಾಸಿ ಜನರ ಒಂದು ಕೇಸ್ ಬಂದಿತ್ತು. ಅವರ ಕಲಾವಿದರೊಬ್ಬರ ಚಿತ್ರವನ್ನು ಬಟ್ಟೆಯ ಮೇಲೆ ಅಚ್ಚು ಹಾಕಿ ಮಾರಿದ್ದರು. ಚಿತ್ರದ ಹಕ್ಕು ಬಿಡಿಸಿದವರದ್ದೇ, ಆದರೆ ಅದರೊಳಗೆ ಕುಲದ ಪವಿತ್ರ ಜ್ಞಾನ ಇರುವುದರಿಂದ ಕುಲಕ್ಕೆ ಧಕ್ಕೆ ಬರದ ಹಾಗೆ ನಡೆದುಕೊಳ್ಳುವ ಹೊಣೆ ಅವರ ಮೇಲಿದೆ ಅಂತ ಕೋರ್ಟ್ ಹೇಳಿತು. ಅಂದರೆ ಆ ಕಲಾವಿದರ ಹಿಂದೆ ಹಿರಿಯರಿದ್ದಾರೆ, ಅವರ ಮಾತು ಬೇಕು. ಹಿರಿಯರು ಸೇರೋದು ನಮ್ಮ ಡೆಡ್‌ಲೈನ್ ನೋಡಿಕೊಂಡಲ್ಲ. ಕಾಯಬೇಕು. ಇಂಥ ಕೆಲಸಕ್ಕೆ ಆರು ವಾರ ಅಂತ ಒಪ್ಪಂದ ಬರೆಯುವುದೇ ತಪ್ಪು ಅನ್ನೋದು ನನ್ನ ಅಭಿಪ್ರಾಯ.

ಇನ್ನೊಂದು ವಿಷಯ, ನನ್ನ ವೃತ್ತಿಯವರು ಬಾಯಿ ಬಿಟ್ಟು ಹೇಳದೇ ಇರುವುದು. ನಾನು ಬಿಡಿಸಿದ ಲೋಗೋದ ಹಕ್ಕು, ಕಾಗದದ ಮೇಲೆ ಬರೆದುಕೊಡದೆ ಹೋದರೆ, ಎಷ್ಟೋ ದೇಶಗಳಲ್ಲಿ ನನ್ನ ಹತ್ತಿರವೇ ಉಳಿಯುತ್ತದೆ. ಅವರ ಅಜ್ಜಂದಿರ ಕಾಲದ ಗುರುತನ್ನು ನಾನು ಸ್ವಲ್ಪ ತಿದ್ದಿ ಕೊಟ್ಟರೆ ಕಾನೂನಿನ ಕಣ್ಣಿಗೆ ಅದು ನನ್ನ ಸೃಷ್ಟಿ! ಹಾಗಾಗಿ ಮೊದಲ ದಿನವೇ ಹಕ್ಕು ಬರೆದುಕೊಡಬೇಕು, ಡೊಮೇನ್ ಹೆಸರನ್ನೂ, ಅಂದರೆ ಇಂಟರ್ನೆಟ್ ವಿಳಾಸವನ್ನೂ, ಅವರ ಸಂಘದ ಹೆಸರಿನಲ್ಲೇ ನೋಂದಾಯಿಸಬೇಕು. ವಿಶ್ವಸಂಸ್ಥೆ 2007ರ ಸೆಪ್ಟೆಂಬರ್ 13ರಂದು ಮೂಲನಿವಾಸಿಗಳ ಹಕ್ಕುಗಳ ಘೋಷಣೆಯನ್ನು ಒಪ್ಪಿಕೊಂಡಿತು. 144 ದೇಶಗಳು ಪರವಾಗಿ ಮತ ಹಾಕಿದವು, ಅದರಲ್ಲಿ ಭಾರತವೂ ಇತ್ತು. ಅದರ 31ನೇ ವಿಧಿ ಇದನ್ನೇ ಹೇಳುತ್ತದೆ. ತಮ್ಮ ಪರಂಪರೆ, ಜ್ಞಾನ, ಕಲೆ ಇವನ್ನು ಉಳಿಸಿಕೊಳ್ಳುವ, ಹಿಡಿತದಲ್ಲಿ ಇಟ್ಟುಕೊಳ್ಳುವ, ಬೆಳೆಸುವ ಹಕ್ಕು ಅವರದ್ದು.

ಹೆಸರಿನ ಕಥೆಯೂ ಹೀಗೇ. ಅಮೆರಿಕದ ಮೂಲನಿವಾಸಿಗಳಾದ ನವಾಹೋ ಜನಾಂಗ 2012ರಲ್ಲಿ ಅಲ್ಲಿನ ಒಂದು ಬಟ್ಟೆ ಕಂಪನಿಯ ಮೇಲೆ ಕೇಸ್ ಹಾಕಬೇಕಾಯಿತು, ತಮ್ಮ ಹೆಸರನ್ನೇ ಬಟ್ಟೆಬರೆಗೆ ಅಂಟಿಸಿ ಮಾರುತ್ತಿದ್ದಾರೆ ಅಂತ. ರಾಜಿ ಆಗಿದ್ದು 2016ರಲ್ಲಿ. 2018ರಲ್ಲಿ ಇನ್ನೂ ವಿಚಿತ್ರ ನಡೆಯಿತು. ಶಿಕಾಗೊದ ಒಂದು ಹೋಟೆಲ್ ಕಂಪನಿ, ಹವಾಯಿ ಭಾಷೆಯಲ್ಲಿ ಪ್ರೀತಿಯಿಂದ ಸ್ವಾಗತಿಸುವಾಗ ಹೇಳುವ 'ಅಲೋಹ' ಅನ್ನೋ ಪದ ಇರುವ ಹೆಸರಿಗೆ ಟ್ರೇಡ್‌ಮಾರ್ಕ್ ತಗೊಂಡು, ಅಂಥದ್ದೇ ಹೆಸರಿಟ್ಟುಕೊಂಡಿದ್ದ ಬೇರೆಯವರಿಗೆ ಹೆಸರು ಬದಲಿಸಿ ಅಂತ ವಕೀಲರ ಪತ್ರ ಕಳಿಸಿತು. ಪತ್ರ ಸಿಕ್ಕಿದವರಲ್ಲಿ ಹವಾಯಿಯವರೂ ಇದ್ದರು. ತಮ್ಮ ತಾಯಿಭಾಷೆಯ ಪದ ಬಳಸಬೇಡಿ ಅಂತ ಯಾರೋ ಹೊರಗಿನವರು ಹೇಳಿದರೆ ಹೇಗಾಗಬೇಡ? ಬ್ರ್ಯಾಂಡ್‌ಗೆ ಆ ಭಾಷೆಯ ಒಂದು ಚೆಂದದ ಪದ ಹುಡುಕಿಕೊಡಿ ಅಂತ ಯಾರಾದರೂ ಕೇಳಿದಾಗೆಲ್ಲ ನನಗೆ ಇದು ನೆನಪಾಗುತ್ತದೆ.

ಪದವನ್ನು ಸರಿಯಾಗಿ ಬರೆಯೋದು ಅದಕ್ಕಿಂತ ಸುಲಭದ ಕೆಲಸ, ಅದನ್ನೂ ಮಾಡುವುದಿಲ್ಲ. ಮಾವೊರಿ ಭಾಷೆಯಲ್ಲಿ ದೀರ್ಘ ಸ್ವರದ ಮೇಲೆ ಒಂದು ಅಡ್ಡಗೆರೆ ಹಾಕುತ್ತಾರೆ. 'ಮತುವ' ಅಂದರೆ ತಂದೆ, 'ಮಾತುವ' ಅಂದರೆ ತಂದೆತಾಯಿಗಳು. ಎಷ್ಟೋ ಫಾಂಟ್‌ಗಳಲ್ಲಿ ಆ ಗೆರೆ ಇರುವ ಅಕ್ಷರವೇ ಇರುವುದಿಲ್ಲ, ಇಲ್ಲದಿದ್ದರೆ ಏನಂತೆ ಅಂತ ಬಿಟ್ಟುಬಿಡುತ್ತಾರೆ. ಕನ್ನಡದವರಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ. ಬಲ ಬೇರೆ, ಬಾಲ ಬೇರೆ. ಮರ ಬೇರೆ, ಮಾರ ಬೇರೆ. ನಮ್ಮ ದೀರ್ಘ ಕಿತ್ತುಹಾಕಿ ಬರೆದರೆ ನಾವು ಸುಮ್ನೆ ಇರುತ್ತೇವಾ? ಹೆಸರಿನ ಪಕ್ಕದಲ್ಲಿ ಒಂದು ಗುಂಡಿ ಇಟ್ಟು, ಒತ್ತಿದರೆ ಆ ಊರಿನವರ ದನಿಯಲ್ಲೇ ಕೇಳುವ ಹಾಗೆ ಮಾಡಿದರೆ ಬರುವವರಿಗೂ ಒಳ್ಳೆಯದು. ಅವರು ತಮ್ಮನ್ನು ಏನಂತ ಕರೆದುಕೊಳ್ಳುತ್ತಾರೋ ಅದೇ ಹೆಸರು ಹಾಕಬೇಕು. ಉತ್ತರ ಯುರೋಪಿನ ಮೂಲನಿವಾಸಿಗಳಾದ ಸಾಮಿ ಜನರನ್ನು 'ಲ್ಯಾಪ್' ಅಂತ ಕರೆಯುವುದು ಅವರಿಗೆ ಬೈಗುಳದ ಹಾಗೆ ಕೇಳಿಸುತ್ತದೆ, ಆದರೂ ಪ್ರವಾಸದ ಪುಟಗಳಲ್ಲಿ ಅದು ಈಗಲೂ ನುಸುಳುತ್ತದೆ.

ಇನ್ನು ವರ್ಣನೆಗಳು. ಮುಗ್ಧ ಜನ, ನಿಗೂಢ ಲೋಕ, ಕಾಲ ನಿಂತುಹೋದ ಊರು, ಆಧುನಿಕತೆಯ ಸೋಂಕಿಲ್ಲದ ಬದುಕು. ನಿಮ್ಮ ಬರಹದಲ್ಲೂ ಇಂಥ ಎರಡು ಮಾತು ಇದ್ದವು, ಬೇಜಾರು ಮಾಡಿಕೊಳ್ಳಬೇಡಿ. ಸುಮಾರು 1910ರಲ್ಲಿ ಅಮೆರಿಕದ ಫೋಟೋಗ್ರಾಫರ್ ಎಡ್ವರ್ಡ್ ಕರ್ಟಿಸ್ ಒಂದು ಗುಡಾರದೊಳಗೆ ಪೀಗನ್ ಅನ್ನೋ ಮೂಲನಿವಾಸಿ ಜನಾಂಗದ ತಂದೆ ಮಗನ ಫೋಟೋ ತೆಗೆದರು. ಇಬ್ಬರ ನಡುವೆ ಒಂದು ಅಲಾರಂ ಗಡಿಯಾರ ಇತ್ತು. ಅಚ್ಚಾದ ಫೋಟೋದಲ್ಲಿ ಅದು ಇಲ್ಲ, ಅಳಿಸಿಹಾಕಿದ್ದರು. ಗಡಿಯಾರ ಇಟ್ಟುಕೊಂಡರೆ ನೋಡುವವರ ಕಲ್ಪನೆಯ ಬುಡಕಟ್ಟಿನವರ ಹಾಗೆ ಕಾಣುವುದಿಲ್ಲವಲ್ಲ! ನೂರು ವರ್ಷ ಆದ ಮೇಲೂ ನಾವು ಮಾಡುತ್ತಿರುವುದು ಇದನ್ನೇ. ಕೈಗಡಿಯಾರ ಬಿಚ್ಚಿ, ಮೊಬೈಲ್ ಆಚೆ ಇಡಿ, ಹಿಂದಿನ ಬೈಕ್ ಕಾಣದ ಹಾಗೆ ನಿಲ್ಲಿ ಅನ್ನುತ್ತೇವೆ. ಆ ಊರಿನ ಹುಡುಗಿ ಲ್ಯಾಪ್‌ಟಾಪಿನಲ್ಲಿ ಬುಕಿಂಗ್ ನೋಡಿಕೊಳ್ಳುವುದು ಸಾಯಂಕಾಲ ಅಜ್ಜನ ಹತ್ತಿರ ಹಾಡು ಕಲಿಯುವುದಕ್ಕೆ ಅಡ್ಡಿಯಲ್ಲ. ಎರಡನ್ನೂ ತೋರಿಸಿದರೆ ಪುಟ ನಿಜ ಆಗುತ್ತದೆ. ಫೋಟೋ ಕೆಳಗೆ ಹೆಸರು ಹಾಕಿ, ಹಾಕಬಹುದು ಅಂತ ಅವರು ಒಪ್ಪಿದ್ದರೆ. 'ಬುಡಕಟ್ಟು ಮಹಿಳೆ' ಅನ್ನೋದು ಯಾರ ಹೆಸರೂ ಅಲ್ಲ.

ಏನು ತೋರಿಸಬಾರದು ಅನ್ನೋದರಲ್ಲಿ ಉಲುರು ಬಂಡೆಯಿಂದ ಕಲಿಯುವುದು ಬಹಳ ಇದೆ. ಆಸ್ಟ್ರೇಲಿಯಾದ ನಡುವಿನ ಆ ಕೆಂಪು ಬಂಡೆ 1985ರ ಅಕ್ಟೋಬರ್ 26ರಂದು ಅಲ್ಲಿನ ಮೂಲನಿವಾಸಿಗಳಾದ ಅನಂಗು ಜನರ ಒಡೆತನಕ್ಕೆ ಮರಳಿತು. ಹತ್ತಬೇಡಿ ಅಂತ ಅವರು ವರ್ಷಗಟ್ಟಲೆ ಫಲಕ ಹಾಕಿ ಕೇಳಿಕೊಂಡರು. ಕೊನೆಗೆ ಹತ್ತುವುದು ನಿಂತದ್ದು 2019ರ ಅಕ್ಟೋಬರ್ 26ಕ್ಕೆ, ಅಂದರೆ 34 ವರ್ಷ. ಅಲ್ಲಿಗೆ ಮುಗಿಯಿತಾ? ಇಲ್ಲ. ಹಿಂದೆ ಹತ್ತಿದವರು ಹಾಕಿದ್ದ ಫೋಟೋಗಳ ಮೂಲಕ ಗೂಗಲ್ ಮ್ಯಾಪಿನಲ್ಲಿ ಯಾರು ಬೇಕಾದರೂ ಕುಳಿತಲ್ಲೇ ಬಂಡೆಯ ನೆತ್ತಿಯ ಮೇಲೆ ಓಡಾಡಬಹುದಿತ್ತು. ಬಂಡೆ ಇರುವ ರಾಷ್ಟ್ರೀಯ ಉದ್ಯಾನದವರು ಕೇಳಿಕೊಂಡ ಮೇಲೆ 2020ರಲ್ಲಿ ಗೂಗಲ್ ಅವನ್ನು ತೆಗೆಯಿತು. ಬಂಡೆಯ ಕೆಲವು ಭಾಗಗಳ ಫೋಟೋ ತೆಗೆಯುವುದೂ ಅಲ್ಲಿ ಸಲ್ಲ. ಅಲ್ಲಿನ ಗುರುತುಗಳು ಅನಂಗು ಜನರಿಗೆ ಧರ್ಮಗ್ರಂಥದ ಹಾಗೆ, ಅವನ್ನು ಆ ಜಾಗದಲ್ಲೇ ನೋಡಬೇಕು, ಬೇರೆ ಕಡೆ ಒಯ್ಯಬಾರದು. ಹಾಗಾಗಿ ಅಂಥ ಊರಿಗೆ ವೆಬ್‌ಸೈಟ್ ಮಾಡುವವರು ಕ್ಯಾಮೆರಾ ತೆಗೆಯುವ ಮೊದಲೇ ಹಿರಿಯರ ಜೊತೆ ನಡೆದು, ಎಲ್ಲಿ ಬೇಡ ಅಂತ ಕೇಳಿ ಬರೆದುಕೊಳ್ಳಬೇಕು. ಮೊಬೈಲಿನಲ್ಲಿ ತೆಗೆದ ಫೋಟೋದೊಳಗೆ ಆ ಜಾಗದ ಅಕ್ಷಾಂಶ ರೇಖಾಂಶ ಅಡಗಿ ಕೂತಿರಬಹುದು ಅನ್ನೋದು ನಮ್ಮಲ್ಲಿ ಎಷ್ಟು ಜನರಿಗೆ ನೆನಪಿರುತ್ತದೆ? ಹಿರಿಯರು ಗುಟ್ಟಾಗಿ ಇಟ್ಟ ಜಾಗವನ್ನು ಆ ಒಂದು ಫೈಲ್ ಬಿಟ್ಟುಕೊಡಬಹುದು. ಹಾಕುವ ಮೊದಲು ಅಳಿಸಬೇಕು.

ಇದೆಲ್ಲ ಆಗುವ ಮಾತಾ ಅಂತ ಕೇಳಬಹುದು. ಆಗಿದೆ. ಆಸ್ಟ್ರೇಲಿಯಾದ ಟೆನೆಂಟ್ ಕ್ರೀಕ್ ಊರಿನ ಮೂಲನಿವಾಸಿಗಳಾದ ವರುಮುಂಗು ಜನರ ಜೊತೆ ಸೇರಿ ಮಾಡಿದ 'ಮುಕುರ್ತು' ಅನ್ನೋ ಸಾಫ್ಟ್‌ವೇರ್ ಇದೆ. ಮುಕುರ್ತು ಅಂದರೆ ಅವರ ಭಾಷೆಯಲ್ಲಿ ಅಮೂಲ್ಯ ವಸ್ತುಗಳನ್ನು ಜೋಪಾನ ಮಾಡುವ ಚೀಲ. ಅದರಲ್ಲಿ ಒಂದೊಂದು ಫೋಟೋ, ಒಂದೊಂದು ಹಾಡನ್ನು ಯಾರು ನೋಡಬಹುದು ಅಂತ ಸಮುದಾಯವೇ ಗೊತ್ತು ಮಾಡುತ್ತದೆ. ಇದು ಹೆಂಗಸರಿಗೆ ಮಾತ್ರ, ಇದು ಈ ಮನೆತನಕ್ಕೆ ಮಾತ್ರ, ಈ ವ್ಯಕ್ತಿ ತೀರಿಕೊಂಡಿದ್ದಾರೆ. 'ಲೋಕಲ್ ಕಾಂಟೆಕ್ಸ್ಟ್ಸ್' ಅನ್ನೋ ಸಂಸ್ಥೆ 2010ರಿಂದ ಇಂಥ ಷರತ್ತುಗಳನ್ನು ಗುರುತು ಚೀಟಿಗಳ ಹಾಗೆ ಮಾಡಿ ಕೊಡುತ್ತಿದೆ, ಈ ಋತುವಿನಲ್ಲಿ ಮಾತ್ರ ಕೇಳಬೇಕಾದ ಕಥೆ ಅನ್ನೋದಕ್ಕೂ ಒಂದು ಚೀಟಿ ಇದೆ. ಆಸ್ಟ್ರೇಲಿಯಾದ ಎಷ್ಟೋ ವೆಬ್‌ಸೈಟ್‌ಗಳ ಬಾಗಿಲಲ್ಲೇ, ಇಲ್ಲಿ ತೀರಿಕೊಂಡವರ ಹೆಸರು, ಚಿತ್ರ, ದನಿ ಇರಬಹುದು ಅನ್ನುವ ಎಚ್ಚರಿಕೆ ಇರುತ್ತದೆ. ಇದು ಮೊದಲೇ ಗೊತ್ತಿದ್ದಿದ್ದರೆ ಆ ಅಜ್ಜಿಯ ಮೊಮ್ಮಗ ನನಗೆ ಪತ್ರ ಬರೆಯಬೇಕಾಗಿ ಬರುತ್ತಿರಲಿಲ್ಲ.

ಬುಕಿಂಗ್ ಕ್ಯಾಲೆಂಡರ್ ಬಗ್ಗೆ ಯಾರೂ ಯೋಚಿಸುವುದಿಲ್ಲ, ಆದರೆ ನನಗೆ ಅದೇ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಊರಿನಲ್ಲಿ ಒಬ್ಬರು ತೀರಿಕೊಂಡರೆ ಎಷ್ಟೋ ಮೂಲನಿವಾಸಿ ಸಮುದಾಯಗಳು ಹೊರಗಿನವರಿಗೆ ಊರನ್ನೇ ಮುಚ್ಚುತ್ತವೆ. ಎಷ್ಟು ದಿನ ಅಂತ ಮೊದಲೇ ಹೇಳಲಾಗುವುದಿಲ್ಲ. ಬುಕಿಂಗ್ ವೆಬ್‌ಸೈಟ್‌ಗಳೋ, ಕೊನೆ ಗಳಿಗೆಯಲ್ಲಿ ರದ್ದು ಮಾಡಿದರೆ ದಂಡ ಹಾಕುತ್ತವೆ, ಪಟ್ಟಿಯಲ್ಲಿ ಕೆಳಗೆ ತಳ್ಳುತ್ತವೆ. ಹಾಗಾಗಿ ಜನ ಸೂತಕದಲ್ಲೂ ಅತಿಥಿಗಳನ್ನು ಕರೆದುಕೊಂಡು ಸುತ್ತಬೇಕಾಗುತ್ತದೆ. ಮೊಬೈಲಿನಲ್ಲಿ ಒಂದು ಸಲ ಒತ್ತಿದರೆ ಎಲ್ಲ ಬುಕಿಂಗ್ ನಿಲ್ಲಬೇಕು, ಬರುವವರಿಗೆ ತಾನಾಗೇ ಸಂದೇಶ ಹೋಗಬೇಕು, ದುಡ್ಡು ವಾಪಸ್ ಆಗಬೇಕು. ಇದನ್ನು ಮಾಡುವುದು ಕಷ್ಟವೇನಲ್ಲ, ನಾನೇ ಮಾಡಿದ್ದೇನೆ. ಈ ಊರು ಕೆಲವೊಮ್ಮೆ ಮುಚ್ಚುತ್ತದೆ ಅಂತ ಮೊದಲ ಪುಟದಲ್ಲೇ ಸ್ಪಷ್ಟವಾಗಿ ಬರೆದರೆ, ಬರುವವರೂ ಗೊಣಗುವುದಿಲ್ಲ.

ದುಡ್ಡಿನ ಮಾತು ಚಿಕ್ಕದಾಗಿ ಹೇಳುತ್ತೇನೆ. ನ್ಯೂಜಿಲೆಂಡಿನ ಕೈಕೋರ ಊರಿನಲ್ಲಿ 1987ರಲ್ಲಿ ಕೆಲವು ಮಾವೊರಿ ಕುಟುಂಬಗಳು ಮನೆ ಅಡವಿಟ್ಟು ತಿಮಿಂಗಿಲ ತೋರಿಸುವ ಪ್ರವಾಸ ಶುರು ಮಾಡಿದವು. ಇವತ್ತಿಗೂ ಅದು ಅವರದ್ದೇ. ಕೆನಡಾದ ಮೂಲನಿವಾಸಿ ಪ್ರವಾಸ ಸಂಘ ಒಂದು ಗುರುತು ಕೊಡುತ್ತದೆ, ಅದು ಸಿಗಬೇಕಾದರೆ ವ್ಯವಹಾರದಲ್ಲಿ ಕನಿಷ್ಠ ಶೇ 51 ಪಾಲು ಮೂಲನಿವಾಸಿಗಳದ್ದೇ ಇರಬೇಕು. ಫಿನ್ಲೆಂಡಿನಲ್ಲಿ ಸಾಮಿ ಅಲ್ಲದವರು ಸಾಮಿ ವೇಷ ಹಾಕಿಕೊಂಡು ಪ್ರವಾಸಿಗರನ್ನು ರಂಜಿಸುತ್ತಿದ್ದರು. ಸಾಮಿ ಉಡುಪು ನೋಡಿದರೆ ಯಾವ ಕಡೆಯವರು, ಯಾವ ಮನೆತನ ಅಂತ ತಿಳಿಯುತ್ತದೆ, ಅಂಥದ್ದನ್ನು ವೇಷ ಮಾಡಿದ್ದರು. 2018ರಲ್ಲಿ ಅಲ್ಲಿನ ಸಾಮಿ ಪಾರ್ಲಿಮೆಂಟ್ ತನ್ನದೇ ನೀತಿ ಸೂತ್ರ ಹೊರತಂದಿತು. ವೆಬ್‌ಸೈಟಿನ 'ನಮ್ಮ ಬಗ್ಗೆ' ಪುಟದಲ್ಲಿ ಒಡೆಯರು ಯಾರು, ದುಡ್ಡು ಯಾರಿಗೆ ಹೋಗುತ್ತದೆ ಅಂತ ಎರಡು ಸಾಲು ಬರೆಯಲು ಹಿಂಜರಿಯುವವರು ಇದ್ದರೆ ನನಗೆ ಅಲ್ಲೇ ಅನುಮಾನ.

ಕೆಲವು ಕಡೆ ವೆಬ್‌ಸೈಟೇ ಬೇಡ. ಅಂಡಮಾನಿನ ಟ್ರಂಕ್ ರಸ್ತೆ ಅಲ್ಲಿನ ಮೂಲನಿವಾಸಿಗಳಾದ ಜಾರವಾ ಜನರ ಮೀಸಲು ಕಾಡಿನ ನಡುವೆ ಹೋಗುತ್ತದೆ. ಪ್ರವಾಸಿಗರ ಮುಂದೆ ಜಾರವಾ ಹೆಂಗಸರನ್ನು ಕುಣಿಸಿದ ವಿಡಿಯೊ 2012ರ ಆರಂಭದಲ್ಲಿ ಹೊರಬಂತು. ಮರುವರ್ಷ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ದಾರಿಯಲ್ಲಿ ಪ್ರವಾಸಿಗರ ಓಡಾಟವನ್ನು ಕೆಲವು ವಾರ ತಡೆದಿತ್ತು. ಜಾರವಾ ಜನ ಯಾರನ್ನೂ ಕರೆದಿಲ್ಲ. ಕರೆಯದವರ ಮನೆಗೆ ದಾರಿ ತೋರಿಸುವ ಪುಟವನ್ನು ಎಷ್ಟೇ ಮೃದುವಾದ ಬಣ್ಣದಲ್ಲಿ ಮಾಡಿದರೂ ಅದು ಅತಿಕ್ರಮ. ಅಂಥ ಕೆಲಸ ಬಂದರೆ ನಾವು ಬೇಡ ಅನ್ನಬೇಕು, ಎಷ್ಟೇ ದುಡ್ಡು ಕೊಟ್ಟರೂ.

ಸಂಪಾದಕರೇ, ನಿಮ್ಮಿಂದ ನಾನು ಕೇಳುವುದು ಇಷ್ಟು. ಮುಂದಿನ ಸಲ ಇಂಥ ಪ್ರವಾಸದ ಬಗ್ಗೆ ಬರೆಸುವಾಗ ವೆಬ್‌ಸೈಟಿನ ವಿಳಾಸದ ಜೊತೆಗೆ ಅದು ಯಾರ ಒಡೆತನದಲ್ಲಿದೆ ಅಂತ ಒಂದು ಸಾಲು ಹಾಕಿ. ಆ ಬರಹಕ್ಕೆ ಒಬ್ಬ ಮುದುಕರ ಫೋಟೋ ಹಾಕಿದ್ದೀರಿ, ಕೆಳಗೆ 'ಸಾಂಪ್ರದಾಯಿಕ ಉಡುಪಿನಲ್ಲಿ ವೃದ್ಧ' ಅಂತ ಇದೆ. ಅವರ ಹೆಸರೇನು, ಅವರ ಫೋಟೋ ಅಚ್ಚಾಗಿರುವುದು ಅವರಿಗೆ ಅಥವಾ ಅವರ ಮಕ್ಕಳಿಗೆ ಗೊತ್ತಾ ಅಂತ ದಯವಿಟ್ಟು ವಿಚಾರಿಸಿ. ನಿಮ್ಮ ಆನ್‌ಲೈನ್ ಆವೃತ್ತಿಯಲ್ಲಿ ಅದು ಇನ್ನೂ ಇದೆ. ಅದನ್ನು ತೆಗೆಯುವ ಪಾಸ್‌ವರ್ಡ್ ನಿಮ್ಮ ಕಚೇರಿಯಲ್ಲೇ ಇದೆ.

ಇಂತಿ,
ನಿಮ್ಮ ಓದುಗ, ಒಬ್ಬ ವೆಬ್‌ಸೈಟ್ ಡಿಸೈನರ್